‘ಇನ್ವಿಕ್ಟಸ್’ ಮತ್ತು 1995ರ ಹಸಿರು ಅಂಗಿ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಚಿತ್ರವನ್ನು ಗೆಳೆಯರ ಜೊತೆ, ಕಾಲೇಜು ವಿದ್ಯಾರ್ಥಿಗಳ ಜೊತೆ ನೋಡಿದಾಗಲೆಲ್ಲ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿ ಉತ್ತರಿಸಿದ್ದೇನೆ. ಇನ್ನೂ ನೋಡದವರು ಕೊನೆಯ ಪ್ರಶ್ನೆಯನ್ನು ಚಿತ್ರ ನೋಡಿದ ಮೇಲೆ ಓದಿದರೆ ಒಳ್ಳೆಯದು.

ಇದು ಯಾವ ಚಿತ್ರ? ಯಾವ ಘಟನೆಯನ್ನು ಆಧರಿಸಿದೆ?

‘ಇನ್ವಿಕ್ಟಸ್’ 2009ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಇಂಗ್ಲಿಷ್ ಚಿತ್ರ. ಕ್ಲಿಂಟ್ ಈಸ್ಟ್‌ವುಡ್ ಇದನ್ನು ನಿರ್ದೇಶಿಸಿದ್ದಾರೆ. ನೆಲ್ಸನ್ ಮಂಡೇಲಾ ಅವರ ಪಾತ್ರವನ್ನು ಮಾರ್ಗನ್ ಫ್ರೀಮನ್ ಅವರೂ, ದಕ್ಷಿಣ ಆಫ್ರಿಕಾದ ರಗ್ಬಿ ತಂಡದ ನಾಯಕ ಫ್ರಾನ್ಸ್ವಾ ಪೀನಾರ್ ಅವರ ಪಾತ್ರವನ್ನು ಮ್ಯಾಟ್ ಡೇಮನ್ ಅವರೂ ವಹಿಸಿದ್ದಾರೆ. ಇಬ್ಬರಿಗೂ ಆಸ್ಕರ್ ನಾಮನಿರ್ದೇಶನ ದೊರೆತಿತ್ತು. ಪತ್ರಕರ್ತ ಜಾನ್ ಕಾರ್ಲಿನ್ ಅವರ 2008ರ ಪುಸ್ತಕ ಇದರ ಮೂಲ. 1994ರ ಮೇ ತಿಂಗಳಲ್ಲಿ ಮಂಡೇಲಾ ಅಧ್ಯಕ್ಷರಾದಾಗಿನಿಂದ 1995ರ ಜೂನ್ 24ರಂದು ಜೋಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್ ಕ್ರೀಡಾಂಗಣದಲ್ಲಿ ನಡೆದ ರಗ್ಬಿ ವಿಶ್ವಕಪ್ ಫೈನಲ್‌ವರೆಗಿನ ಸುಮಾರು ಹದಿಮೂರು ತಿಂಗಳ ಕಥೆ ಇದರಲ್ಲಿದೆ.

ರಗ್ಬಿ ಆಟ ಗೊತ್ತಿಲ್ಲದಿದ್ದರೆ ಚಿತ್ರ ಅರ್ಥವಾಗುತ್ತದೆಯೇ?

ಖಂಡಿತ ಅರ್ಥವಾಗುತ್ತದೆ. ತಂಡಕ್ಕೆ ಹದಿನೈದು ಮಂದಿ; ಚೆಂಡನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬಹುದು, ಆದರೆ ಜೊತೆಗಾರನಿಗೆ ಕೈಯಿಂದ ಎಸೆಯುವಾಗ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಊರಿದರೆ ಅದು ‘ಟ್ರೈ’, ಅದಕ್ಕೆ ಐದು ಅಂಕ. ಪೆನಾಲ್ಟಿ ಒದೆತಕ್ಕೂ, ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಪುಟಿಸಿ ಕಂಬಗಳ ನಡುವೆ ಒದೆಯುವ ‘ಡ್ರಾಪ್ ಗೋಲ್’ಗೂ ಮೂರು ಅಂಕ. ಇಷ್ಟು ತಿಳಿದಿದ್ದರೆ ಸಾಕು. ಕಬಡ್ಡಿ ನೋಡಿ ಬೆಳೆದವರಿಗೆ ಆಟಗಾರರ ಹಿಡಿತ, ತಳ್ಳಾಟ, ಒಬ್ಬನನ್ನು ಮೂವರು ಕೆಡವುವ ರಭಸ ಹೊಸದೇನೂ ಅನ್ನಿಸುವುದಿಲ್ಲ.

ಒಂದು ಆಟದ ತಂಡದ ಮೇಲೆ ಕಪ್ಪು ಜನರಿಗೆ ಅಷ್ಟೊಂದು ಸಿಟ್ಟು ಏಕಿತ್ತು?

ಚಿತ್ರದ ಮೊದಲ ದೃಶ್ಯವೇ ಇದಕ್ಕೆ ಉತ್ತರ ಕೊಡುತ್ತದೆ. ರಸ್ತೆಯ ಒಂದು ಬದಿಯಲ್ಲಿ ಹಸಿರು ಹುಲ್ಲಿನ ಮೈದಾನದಲ್ಲಿ ಬಿಳಿಯ ಹುಡುಗರು ಸಮವಸ್ತ್ರ ತೊಟ್ಟು ರಗ್ಬಿ ಆಡುತ್ತಿದ್ದಾರೆ. ಇನ್ನೊಂದು ಬದಿಯ ಧೂಳಿನ ಬಯಲಿನಲ್ಲಿ ಕಪ್ಪು ಹುಡುಗರು ಫುಟ್‌ಬಾಲ್ ಆಡುತ್ತಿದ್ದಾರೆ. ಎರಡಕ್ಕೂ ಬೇಲಿಯಿದೆ. ನಡುವಿನ ರಸ್ತೆಯಲ್ಲಿ, 1990ರ ಫೆಬ್ರುವರಿ 11ರಂದು, ಇಪ್ಪತ್ತೇಳು ವರ್ಷಗಳ ಸೆರೆವಾಸದಿಂದ ಹೊರಬಂದ ಮಂಡೇಲಾ ಅವರ ಕಾರುಗಳ ಸಾಲು ಹಾದುಹೋಗುತ್ತದೆ. ಒಂದು ಬದಿಯ ಹುಡುಗರು ಬೇಲಿಗೆ ಓಡಿಬಂದು ಜೈಕಾರ ಹಾಕುತ್ತಾರೆ, ಇನ್ನೊಂದು ಬದಿಯವರು ಸುಮ್ಮನೆ ನಿಂತು ನೋಡುತ್ತಾರೆ.

ದಕ್ಷಿಣ ಆಫ್ರಿಕಾದಲ್ಲಿ ರಗ್ಬಿ ಆಫ್ರಿಕಾನರ್ ಸಮುದಾಯದ, ಅಂದರೆ ಡಚ್ ಮೂಲದ ಬಿಳಿಯರ, ಪ್ರಾಣದಂಥ ಆಟ. ವರ್ಣಭೇದ ನೀತಿಯನ್ನು ಕಾನೂನಾಗಿ ಹೇರಿದ ಸರ್ಕಾರದ ಬೆನ್ನೆಲುಬೂ ಅದೇ ಸಮುದಾಯವಾಗಿತ್ತು. ಹೀಗಾಗಿ ತಂಡದ ಹಸಿರು-ಬಂಗಾರದ ಅಂಗಿ ಮತ್ತು ಅದರ ಮೇಲಿನ ಸ್ಪ್ರಿಂಗ್‌ಬಾಕ್ ಎಂಬ ಜಿಂಕೆ, ಕಪ್ಪು ಜನರು ಓಡಾಡಲು ಜೊತೆಗಿಟ್ಟುಕೊಳ್ಳಲೇಬೇಕಿದ್ದ ಪರವಾನಗಿ ಪುಸ್ತಕವನ್ನು (ಪಾಸ್‌ಬುಕ್) ತೋರಿಸೆಂದು ಬೀದಿಯಲ್ಲಿ ತಡೆಯುತ್ತಿದ್ದ ಪೊಲೀಸನ ಸಮವಸ್ತ್ರದಷ್ಟೇ ಕಹಿಯಾಗಿ ಕಪ್ಪು ಜನರಿಗೆ ಕಾಣಿಸುತ್ತಿದ್ದವು. ಕ್ರೀಡಾಂಗಣದಲ್ಲಿ ಅವರಿಗೆ ಮೀಸಲಾದ ಮೂಲೆಯಲ್ಲಿ ನಿಂತು, ಎದುರಾಳಿ ಯಾರೇ ಆಗಿರಲಿ, ಅವರಿಗೇ ಚಪ್ಪಾಳೆ ತಟ್ಟುವುದು ವಾಡಿಕೆಯಾಗಿತ್ತು. ರಾಬೆನ್ ದ್ವೀಪದ ಸೆರೆಮನೆಯಲ್ಲಿದ್ದ ಕೈದಿಗಳೂ ಹಾಗೆಯೇ ಮಾಡುತ್ತಿದ್ದರು.

ಈ ಅಂಗಿಯ ಹಗೆ ದೇಶದ ಗಡಿಯಲ್ಲೇ ನಿಲ್ಲಲಿಲ್ಲ. 1976ರಲ್ಲಿ ನ್ಯೂಜಿಲೆಂಡ್ ರಗ್ಬಿ ತಂಡ ದಕ್ಷಿಣ ಆಫ್ರಿಕಾಕ್ಕೆ ಪ್ರವಾಸ ಹೋದದ್ದನ್ನು ಪ್ರತಿಭಟಿಸಿ ಆಫ್ರಿಕಾದ ಹಲವು ದೇಶಗಳು ಆ ವರ್ಷದ ಮಾಂಟ್ರಿಯಲ್ ಒಲಿಂಪಿಕ್ಸನ್ನೇ ಬಹಿಷ್ಕರಿಸಿದವು. 1981ರಲ್ಲಿ ಸ್ಪ್ರಿಂಗ್‌ಬಾಕ್ಸ್ ಎಂದೇ ಕರೆಯುವ ದಕ್ಷಿಣ ಆಫ್ರಿಕಾ ತಂಡ ನ್ಯೂಜಿಲೆಂಡಿಗೆ ಹೋದಾಗ ಅಲ್ಲಿನ ಸಾಮಾನ್ಯ ಜನರೇ ಬೀದಿಗಿಳಿದರು. ಹ್ಯಾಮಿಲ್ಟನ್‌ನಲ್ಲಿ ಪ್ರತಿಭಟನಕಾರರು ಮೈದಾನಕ್ಕೆ ನುಗ್ಗಿದ್ದರಿಂದ ಪಂದ್ಯ ರದ್ದಾಯಿತು. 1987 ಮತ್ತು 1991ರ ಮೊದಲೆರಡು ರಗ್ಬಿ ವಿಶ್ವಕಪ್‌ಗಳಲ್ಲಿ ದಕ್ಷಿಣ ಆಫ್ರಿಕಾಕ್ಕೆ ಜಾಗವೇ ಇರಲಿಲ್ಲ. 1995ರಲ್ಲಿ ಅವರು ಮೊದಲ ಬಾರಿ ಆಡಿದ್ದು, ತಮ್ಮದೇ ನೆಲದಲ್ಲಿ.

ಹಾಗಿದ್ದರೆ ಮಂಡೇಲಾ ಆ ಅಂಗಿಯನ್ನು ಉಳಿಸಿದ್ದೇಕೆ? ಅದು ಕೇವಲ ರಾಜಕೀಯ ಲೆಕ್ಕಾಚಾರವಲ್ಲವೇ?

ಚಿತ್ರದ ಜೀವಾಳವೇ ಈ ಪ್ರಶ್ನೆ, ಆದ್ದರಿಂದ ಇದಕ್ಕೆ ಸ್ವಲ್ಪ ದೀರ್ಘವಾಗಿ ಉತ್ತರಿಸುತ್ತೇನೆ.

ಚಿತ್ರದಲ್ಲಿ ರಾಷ್ಟ್ರೀಯ ಕ್ರೀಡಾ ಮಂಡಳಿಯ ಸಭೆ ಸೇರಿ ಸ್ಪ್ರಿಂಗ್‌ಬಾಕ್ ಹೆಸರನ್ನೂ ಬಣ್ಣವನ್ನೂ ತೆಗೆದುಹಾಕಲು ಉತ್ಸಾಹದಿಂದ ನಿರ್ಣಯಿಸುತ್ತದೆ. ಸುದ್ದಿ ತಿಳಿದ ಮಂಡೇಲಾ ಅಲ್ಲಿಗೇ ಧಾವಿಸಿ, ತಮ್ಮ ಪಕ್ಷದವರ, ತಮ್ಮ ಜನರ ಎದುರು ನಿಂತು, ಈ ನಿರ್ಧಾರವನ್ನು ಹಿಂದಕ್ಕೆ ತೆಗೆದುಕೊಳ್ಳಿರೆಂದು ಕೇಳಿಕೊಳ್ಳುತ್ತಾರೆ. ಅವರ ಆಪ್ತ ಸಿಬ್ಬಂದಿಯಾದ ಬ್ರೆಂಡಾ ಇದು ಹುಚ್ಚು ಸಾಹಸವೆಂದು ಎಚ್ಚರಿಸಿರುತ್ತಾಳೆ. ಮುಂದೊಮ್ಮೆ ಅವಳು ರಗ್ಬಿಯೆಂಬುದು ರಾಜಕೀಯ ಲೆಕ್ಕಾಚಾರವೇ ಎಂದು ಕೇಳಿದಾಗ, ಇದು ಮನುಷ್ಯರ ಲೆಕ್ಕಾಚಾರ ಎಂಬರ್ಥದ ಉತ್ತರ ಬರುತ್ತದೆ.

ಆ ದಿನಗಳ ದೇಶದ ಸ್ಥಿತಿಯನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. 1993ರ ಏಪ್ರಿಲ್‌ನಲ್ಲಿ ಜನಪ್ರಿಯ ಕಪ್ಪು ನಾಯಕ ಕ್ರಿಸ್ ಹಾನಿ ಅವರನ್ನು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದಾಗ ದೇಶ ಅಂತರ್ಯುದ್ಧದ ಅಂಚಿಗೆ ಬಂದಿತ್ತು. ಅದೇ ವರ್ಷ ಜೂನ್‌ನಲ್ಲಿ, ಹೊಸ ಸಂವಿಧಾನದ ಮಾತುಕತೆ ನಡೆಯುತ್ತಿದ್ದ ಕಟ್ಟಡಕ್ಕೆ ಬಿಳಿಯ ಉಗ್ರವಾದಿಗಳು ಶಸ್ತ್ರಸಜ್ಜಿತ ವಾಹನವನ್ನೇ ನುಗ್ಗಿಸಿದ್ದರು. 1994ರ ಚುನಾವಣೆಯಲ್ಲಿ ಗೆದ್ದರೂ ಸೈನ್ಯ, ಪೊಲೀಸ್ ಇಲಾಖೆ, ಬ್ಯಾಂಕು, ಗಣಿ ಎಲ್ಲವನ್ನೂ ನಡೆಸುತ್ತಿದ್ದವರು ಇನ್ನೂ ಬಿಳಿಯರೇ. ಅವರ ಭಯಕ್ಕೆ ಕಿಡಿ ತಗುಲಿದರೆ ಮೊದಲು ಉರಿಯುವುದು ಬಡ ಕಪ್ಪು ಜನರ ಕೇರಿಗಳೇ ಎಂಬುದನ್ನು ಮಂಡೇಲಾ ಬಲ್ಲವರಾಗಿದ್ದರು. ಆದ್ದರಿಂದ ಲೆಕ್ಕಾಚಾರ ಇತ್ತು, ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ.

ಆದರೆ ಆ ಲೆಕ್ಕದಲ್ಲಿ ಬೆಲೆ ತೆತ್ತವರು ಯಾರು ಎಂಬುದನ್ನು ಗಮನಿಸಬೇಕು. ಸಾಮರಸ್ಯದ ಮಾತು ಬಂದಾಗ ನಾವು ಸಾಮಾನ್ಯವಾಗಿ ತಪ್ಪು ಮಾಡಿದವರು ಬಂದು ಕ್ಷಮೆ ಕೇಳುವ ಚಿತ್ರವನ್ನು ಕಲ್ಪಿಸಿಕೊಳ್ಳುತ್ತೇವೆ. ಇಲ್ಲಿ ಮೊದಲು ಕೊಡಬೇಕಾದವರು ನೊಂದವರು. ದಶಕಗಳಿಂದ ಒಡೆಯರ ಅಂಗಿಯನ್ನು ದ್ವೇಷಿಸುವುದೊಂದೇ ಬಹಳಷ್ಟು ಜನರಿಗೆ ಯಾರೂ ಕಸಿಯಲಾಗದ ಸ್ವಾತಂತ್ರ್ಯವಾಗಿತ್ತು. ಅದನ್ನೂ ಬಿಟ್ಟುಕೊಡಿ ಎಂದು ಕೇಳುವ ನೈತಿಕ ಹಕ್ಕು ಅವರಷ್ಟೇ ಅಥವಾ ಅವರಿಗಿಂತ ಹೆಚ್ಚು ಕಳೆದುಕೊಂಡ ಒಬ್ಬನಿಗೆ ಮಾತ್ರ ಇರಲು ಸಾಧ್ಯ. ಮಂಡೇಲಾ ಆ ಹಕ್ಕನ್ನು ತಮ್ಮ ಎದುರಾಳಿಗಳ ಮೇಲೆ ಚಲಾಯಿಸದೆ ತಮ್ಮವರ ಮೇಲೆ ಚಲಾಯಿಸಿದರು, ಅದೂ ತಮ್ಮ ಜನಪ್ರಿಯತೆಯನ್ನೇ ಪಣಕ್ಕಿಟ್ಟು. ನಾಯಕತ್ವದ ಬಗ್ಗೆ ಈ ಚಿತ್ರ ಹೇಳುವ ಅತ್ಯಂತ ಗಟ್ಟಿಯಾದ ಮಾತು ಇದೇ ಎಂದು ನಾನು ನಂಬುತ್ತೇನೆ, ಮತ್ತು ಫೈನಲ್‌ನ ಗದ್ದಲದಲ್ಲಿ ಇದು ಮರೆತುಹೋಗುವುದನ್ನು ಕಂಡು ಪ್ರತಿ ಸಲವೂ ಬೇಸರಪಡುತ್ತೇನೆ.

ಇನ್ನೊಂದು ವಿಷಯ. ಮಂಡೇಲಾ ಸೆರೆಮನೆಯಲ್ಲಿ ಆಫ್ರಿಕಾನರ್ ಸಮುದಾಯದ ಮಾತಾದ ಆಫ್ರಿಕಾನ್ಸ್ ಭಾಷೆಯನ್ನು ಶ್ರದ್ಧೆಯಿಂದ ಕಲಿತರು. 1976ರಲ್ಲಿ ಜೋಹಾನ್ಸ್‌ಬರ್ಗ್‌ನ ಕಪ್ಪು ಜನರ ಕೇರಿಯಾದ ಸೊವೆಟೊದ ಶಾಲಾಮಕ್ಕಳು ಯಾವ ಭಾಷೆಯ ಹೇರಿಕೆಯನ್ನು ವಿರೋಧಿಸಿ ಗುಂಡಿಗೆ ಬಲಿಯಾದರೋ ಅದೇ ಭಾಷೆ ಅದು. ಎದುರಾಳಿಯ ಮನಸ್ಸಿನ ಬಾಗಿಲು ಅವನ ಮಾತಿನಲ್ಲೂ ಅವನ ಆಟದಲ್ಲೂ ಇದೆಯೆಂದು ಅವರು ಅರಿತದ್ದು 1995ರಲ್ಲಲ್ಲ, ಬಹಳ ಹಿಂದೆಯೇ.

ಆಟದ ಚಿತ್ರದಲ್ಲಿ ಅಂಗರಕ್ಷಕರ ಕಥೆಗೆ ಅಷ್ಟು ಜಾಗ ಏಕೆ?

ನನ್ನ ಮಟ್ಟಿಗೆ ಇದು ಚಿತ್ರದ ಅತ್ಯುತ್ತಮ ಭಾಗ. ಮಂಡೇಲಾ ಅವರ ಅಂಗರಕ್ಷಕರ ತಂಡಕ್ಕೆ ಹೆಚ್ಚು ಜನ ಬೇಕೆಂದು ಮುಖ್ಯಸ್ಥ ಜೇಸನ್ ಕೇಳಿದಾಗ, ಬಂದು ನಿಲ್ಲುವವರು ಹಳೆಯ ಸರ್ಕಾರದ ವಿಶೇಷ ಪೊಲೀಸ್ ದಳದ ಬಿಳಿಯ ಅಧಿಕಾರಿಗಳು. ನಿನ್ನೆಯವರೆಗೆ ತಮ್ಮನ್ನು ಬೇಟೆಯಾಡಿದವರ ಜೊತೆ ಇಂದು ಒಂದೇ ಕೋಣೆಯಲ್ಲಿ ಕುಳಿತು, ಒಂದೇ ನಕ್ಷೆ ನೋಡಿ, ಒಬ್ಬ ಮನುಷ್ಯನ ಪ್ರಾಣ ಕಾಯಬೇಕು. ಜೇಸನ್ ಸಿಟ್ಟಿನಿಂದ ಅಧ್ಯಕ್ಷರ ಬಳಿ ಹೋದರೆ, ಸಾಮರಸ್ಯ ಇಲ್ಲಿಂದಲೇ ಶುರುವಾಗಬೇಕೆಂಬ ಉತ್ತರ ಸಿಗುತ್ತದೆ.

ಭಾಷಣದಲ್ಲಿ ಸಾಮರಸ್ಯ ಸುಲಭ. ಪಾಳಿ ಹಂಚಿಕೊಳ್ಳುವಾಗ, ಯಾರು ಮುಂದಿನ ಕಾರಿನಲ್ಲಿ ಕೂರಬೇಕೆಂದು ತೀರ್ಮಾನಿಸುವಾಗ ಅದು ಎಷ್ಟು ಕಷ್ಟವೆಂಬುದನ್ನು ಈ ಪುಟ್ಟ ಕೋಣೆ ತೋರಿಸುತ್ತದೆ. ಬಿಳಿಯ ಅಂಗರಕ್ಷಕರು ತಮ್ಮ ಕಪ್ಪು ಸಹೋದ್ಯೋಗಿಗಳಿಗೆ ರಗ್ಬಿ ವಿವರಿಸುವುದು, ಕೊನೆಗೆ ಎಲ್ಲರೂ ಹುಲ್ಲಿನ ಮೇಲೆ ಚೆಂಡಿಗಾಗಿ ಬಿದ್ದೆದ್ದು ಆಡುವುದು ಯಾರೂ ಬೋಧನೆ ಮಾಡದೆ ಆಗುವ ಬದಲಾವಣೆ.

ಪೀನಾರ್ ಅವರ ಪಾತ್ರಕ್ಕೆ ನಾಯಕತ್ವದ ದೃಷ್ಟಿಯಿಂದ ಏನು ಮಹತ್ವ?

ಇಪ್ಪತ್ತೆಂಟು ವಯಸ್ಸಿನ, ರಾಜಕೀಯದ ಗೊಡವೆಗೇ ಹೋಗದ ಆಫ್ರಿಕಾನರ್ ಯುವಕ ಅವರು. ಮಂಡೇಲಾ ಈ ಯುವಕನನ್ನು ಪ್ರಿಟೋರಿಯಾದಲ್ಲಿರುವ ಅಧ್ಯಕ್ಷರ ಕಚೇರಿ ಯೂನಿಯನ್ ಬಿಲ್ಡಿಂಗ್ಸ್‌ಗೆ ಚಹಾಕ್ಕೆ ಕರೆದದ್ದು ನಿಜವಾಗಿ ನಡೆದ ಸಂಗತಿ. ಚಿತ್ರದ ಆ ದೃಶ್ಯದಲ್ಲಿ ಅಧ್ಯಕ್ಷರು ಕಪ್ ಗೆಲ್ಲಬೇಕೆಂದು ನೇರವಾಗಿ ಹೇಳುವುದೇ ಇಲ್ಲ. ತಾವೇ ಚಹಾ ಬಗ್ಗಿಸಿಕೊಟ್ಟು, ತಮ್ಮ ಜೊತೆಗಾರರನ್ನು ಅವರ ಶಕ್ತಿಗೂ ಮೀರಿ ಆಡುವಂತೆ ನೀವು ಹೇಗೆ ಹುರಿದುಂಬಿಸುತ್ತೀರಿ ಎಂದು ಕೇಳುತ್ತಾರೆ. ಕೇಳಿದ್ದೇನೆಂದು ಪೀನಾರ್‌ಗೆ ಹೊಳೆಯುವುದು ಹೊರಬಂದ ಮೇಲೆ.

ತಂಡದೊಳಗೆ ಅವರ ಕೆಲಸ ಕಷ್ಟದ್ದಾಗಿತ್ತು. ಕಪ್ಪು ಜನರ ಹೋರಾಟದ ಹಾಡಾಗಿದ್ದ ‘ಎನ್‌ಕೋಸಿ ಸಿಕೆಲೆಲಿ ಆಫ್ರಿಕಾ’ ಆಗ ಹಳೆಯ ಸರ್ಕಾರದ ರಾಷ್ಟ್ರಗೀತೆ ‘ಡಿ ಸ್ಟೆಮ್’ ಜೊತೆಗೆ ಎರಡನೆಯ ರಾಷ್ಟ್ರಗೀತೆಯಾಗಿತ್ತು. ಎರಡನ್ನೂ ಒಂದಾಗಿ ಹೆಣೆದದ್ದು 1997ರಲ್ಲಿ. ಚಿತ್ರದಲ್ಲಿ ಆ ಹಾಡಿನ ಸಾಲುಗಳ ಹಾಳೆಯನ್ನು ಕೊಟ್ಟಾಗ ಆಟಗಾರರು ಮುಖ ಸಿಂಡರಿಸುತ್ತಾರೆ. ನಿಜ ಜೀವನದಲ್ಲಿ ಒಬ್ಬ ಶಿಕ್ಷಕಿ ಅವರಿಗೆ ಉಚ್ಚಾರಣೆ ಕಲಿಸಿದರು. ಫೈನಲ್ ದಿನ ಸ್ವತಃ ಪೀನಾರ್ ಭಾವುಕರಾಗಿ ಹಾಡಲಾಗದೆ ತುಟಿ ಕಚ್ಚಿಕೊಂಡು ನಿಂತಿದ್ದರಂತೆ.

‘ಇನ್ವಿಕ್ಟಸ್’ ಎಂದರೇನು? ಮಂಡೇಲಾ ನಿಜವಾಗಿಯೂ ಆ ಕವಿತೆಯನ್ನು ಪೀನಾರ್‌ಗೆ ಕೊಟ್ಟರೇ?

ಅದು ‘ಸೋಲದವನು’ ಎಂಬರ್ಥದ ಲ್ಯಾಟಿನ್ ಪದ. ಕ್ಷಯದಿಂದ ಒಂದು ಕಾಲು ಕಳೆದುಕೊಂಡ ಇಂಗ್ಲಿಷ್ ಕವಿ ವಿಲಿಯಂ ಅರ್ನೆಸ್ಟ್ ಹೆನ್ಲಿ ಆಸ್ಪತ್ರೆಯಲ್ಲಿದ್ದಾಗ, 1875ರಲ್ಲಿ, ಬರೆದ ಕವಿತೆಗೆ ಮುಂದೆ ಈ ಶೀರ್ಷಿಕೆ ಬಂತು. ರಾಬೆನ್ ದ್ವೀಪದಲ್ಲಿ ಮಂಡೇಲಾ ಆ ಕವಿತೆಯನ್ನು ಮೆಚ್ಚಿ ಓದುತ್ತಿದ್ದದ್ದು ನಿಜ. ಆದರೆ ಪೀನಾರ್‌ಗೆ ಅವರು ಬರೆದುಕೊಟ್ಟದ್ದು ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರ 1910ರ ಭಾಷಣದ ಒಂದು ಭಾಗ. ಹೊರಗೆ ನಿಂತು ಟೀಕಿಸುವವನಿಗಿಂತ ಅಖಾಡದಲ್ಲಿ ಧೂಳು, ಬೆವರು, ರಕ್ತ ಮೆತ್ತಿಕೊಂಡು ಹೋರಾಡುವವನಿಗೆ ಗೌರವ ಸಲ್ಲುತ್ತದೆ ಎನ್ನುವ ಆ ಮಾತು ಆಟಗಾರನೊಬ್ಬನಿಗೆ ಇನ್ನೂ ಹೆಚ್ಚು ಒಪ್ಪುತ್ತಿತ್ತು. ಚಿತ್ರಕಥೆಯ ಈ ಬದಲಾವಣೆಗೆ ಕಾರಣ ಅರ್ಥವಾಗುತ್ತದೆ: ಕವಿತೆಯ ಮೂಲಕ ಪೀನಾರ್ ಮಂಡೇಲಾ ಅವರ ಸೆರೆಕೋಣೆಯೊಳಗೆ ಹೆಜ್ಜೆ ಇಡುತ್ತಾರೆ. ತಂಡ ರಾಬೆನ್ ದ್ವೀಪಕ್ಕೆ ಹೋದಾಗ ಅವರು ಆ ಇಕ್ಕಟ್ಟು ಕೋಣೆಯಲ್ಲಿ ನಿಂತು ಕೈ ಚಾಚಿ ಅಳೆಯುವ ದೃಶ್ಯಕ್ಕೆ ಬಲ ಬರುವುದು ಅದರಿಂದಲೇ.

ಇನ್ನು ಯಾವ ಯಾವ ಸಂಗತಿಗಳನ್ನು ಚಿತ್ರ ಬದಲಿಸಿದೆ?

ಫೈನಲ್‌ಗೆ ಮುನ್ನ ಜಂಬೋ ವಿಮಾನವೊಂದು ಕ್ರೀಡಾಂಗಣದ ಮೇಲೆ ಎದೆ ನಡುಗುವಷ್ಟು ಕೆಳಗೆ ಹಾರಿದ್ದು ನಿಜ. ಅದರ ಅಡಿಯಲ್ಲಿ ತಂಡಕ್ಕೆ ಶುಭ ಕೋರುವ ಮಾತೂ ಬರೆದಿತ್ತು. ಆದರೆ ಪೈಲಟ್ ಯಾರಿಗೂ ಹೇಳದೆ ಹಾಗೆ ಮಾಡಿದನೆಂಬಂತೆ ಚಿತ್ರ ಆತಂಕ ಹುಟ್ಟಿಸುತ್ತದೆ. ವಾಸ್ತವದಲ್ಲಿ ಅದು ಮೊದಲೇ ಯೋಜಿಸಿದ್ದ ಹಾರಾಟ.

ಕೋಚ್ ಕಿಚ್ ಕ್ರಿಸ್ಟಿ ಮತ್ತು ತಂಡದ ವ್ಯವಸ್ಥಾಪಕ ಮೋರ್ನೆ ಡು ಪ್ಲೆಸಿ ಚಿತ್ರದಲ್ಲಿ ಬಹುತೇಕ ಮರೆಗೆ ಸರಿದಿದ್ದಾರೆ. ಕ್ಯಾನ್ಸರಿನ ಜೊತೆ ಹೋರಾಡುತ್ತಲೇ ತಂಡವನ್ನು ಕಟ್ಟಿದ ಕ್ರಿಸ್ಟಿ ಅವರಿಗೆ ಇದು ಅನ್ಯಾಯವೆಂದೇ ನನಗೆ ಅನ್ನಿಸುತ್ತದೆ. ಡರ್ಬನ್‌ನಲ್ಲಿ ಫ್ರಾನ್ಸ್ ವಿರುದ್ಧ ನಡೆದ ಸೆಮಿಫೈನಲ್‌ ಕೂಡ ಇನ್ನಷ್ಟು ಹೊತ್ತು ಇರಬೇಕಿತ್ತು. ಅಂದು ಸುರಿದ ಮಳೆಗೆ ಮೈದಾನ ಕೆರೆಯಾಗಿತ್ತು. ಪಂದ್ಯ ರದ್ದಾಗಿದ್ದರೆ, ಕೆನಡಾ ವಿರುದ್ಧದ ಪಂದ್ಯದ ಹೊಡೆದಾಟದಲ್ಲಿ ದಕ್ಷಿಣ ಆಫ್ರಿಕಾದ ಆಟಗಾರನೊಬ್ಬನನ್ನು ಹೊರಹಾಕಿದ್ದ ಕಾರಣ, ಫ್ರಾನ್ಸ್ ಫೈನಲ್‌ಗೆ ಹೋಗುತ್ತಿತ್ತು. ಕಪ್ಪು ಮಹಿಳೆಯರು ಪೊರಕೆ ಹಿಡಿದು ಮೈದಾನದ ನೀರನ್ನು ತಳ್ಳಿ ಆಟಕ್ಕೆ ಹದಗೊಳಿಸಿದರು. ದಕ್ಷಿಣ ಆಫ್ರಿಕಾ 19-15ರಿಂದ ಗೆದ್ದಿತು. ಆ ದೇಶದ ಅಂದಿನ ಸ್ಥಿತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಚಿತ್ರಿಕೆ ಬೇರೆ ಇರಲಿಲ್ಲ.

ತಂಡದಲ್ಲಿ ಬಿಳಿಯರಲ್ಲದ ಆಟಗಾರ ಒಬ್ಬರೇ ಇದ್ದರಲ್ಲವೇ?

ಹೌದು, ಚೆಸ್ಟರ್ ವಿಲಿಯಮ್ಸ್. ತೊಡೆಯ ಸ್ನಾಯುವಿನ ನೋವಿನಿಂದ ಮೊದಲ ಪಂದ್ಯಗಳಲ್ಲಿ ಆಡಲಾಗದ ಅವರು, ಪೀಟರ್ ಹೆಂಡ್ರಿಕ್ಸ್ ನಿಷೇಧಕ್ಕೊಳಗಾದ ಮೇಲೆ ತಂಡಕ್ಕೆ ಮರಳಿ, ವೆಸ್ಟರ್ನ್ ಸಮೋವಾ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ನಾಲ್ಕು ಟ್ರೈ ಗಳಿಸಿದರು. ಕೇರಿಯ ಮಕ್ಕಳಿಗೆ ಆಟ ಕಲಿಸಲು ತಂಡ ಹೋದಾಗ ಎಲ್ಲ ಮಕ್ಕಳೂ ಉಳಿದವರನ್ನು ಬಿಟ್ಟು ಚೆಸ್ಟರ್ ಸುತ್ತ ಮುತ್ತಿಕೊಳ್ಳುವ ದೃಶ್ಯ ಚಿತ್ರದಲ್ಲಿದೆ. ನಟರಿಗೆ ರಗ್ಬಿ ತರಬೇತಿ ಕೊಡುವಲ್ಲೂ ಅವರ ಪಾತ್ರವಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು.

ಫೈನಲ್ ಪಂದ್ಯ ಚಿತ್ರದಲ್ಲಿರುವಷ್ಟೇ ರೋಚಕವಾಗಿತ್ತೇ?

ಅಂಕಗಳನ್ನು ನೋಡಿದರೆ ಸಾಕು. ಎದುರಾಳಿ ನ್ಯೂಜಿಲೆಂಡ್ ಅದೇ ವಿಶ್ವಕಪ್‌ನಲ್ಲಿ ಜಪಾನ್ ವಿರುದ್ಧ 145 ಅಂಕ ಗಳಿಸಿತ್ತು. ಅವರ ದೈತ್ಯ ಓಟಗಾರ ಜೋನಾ ಲೋಮು ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಒಬ್ಬರೇ ನಾಲ್ಕು ಟ್ರೈ ಗಳಿಸಿದ್ದರು. ಫೈನಲ್‌ನಲ್ಲಿ ಅವರನ್ನು ಒಂದು ಬಾರಿಯೂ ಗೆರೆ ದಾಟಲು ಬಿಡಲಿಲ್ಲ. ಎರಡೂ ಕಡೆ ಒಂದೇ ಒಂದು ಟ್ರೈ ಇಲ್ಲದೆ, ಬರೀ ಒದೆತಗಳಿಂದ ಪೂರ್ಣಾವಧಿ 9-9ರಲ್ಲಿ ಮುಗಿಯಿತು. ವಿಶ್ವಕಪ್ ಫೈನಲ್ ಹೆಚ್ಚುವರಿ ಅವಧಿಗೆ ಹೋದದ್ದು ಅದೇ ಮೊದಲು. ಆಂಡ್ರ್ಯೂ ಮರ್ಟೆನ್ಸ್ ನ್ಯೂಜಿಲೆಂಡನ್ನು 12-9ಕ್ಕೆ ಒಯ್ದರು, ಜೋಯೆಲ್ ಸ್ಟ್ರಾನ್ಸ್ಕಿ 12-12ಕ್ಕೆ ತಂದರು, ಆಮೇಲೆ ಅವರದೇ ಡ್ರಾಪ್ ಗೋಲ್ 15-12ರ ಗೆಲುವು ತಂದುಕೊಟ್ಟಿತು. ತಂಡದ ಹದಿನೈದೂ ಅಂಕ ಸ್ಟ್ರಾನ್ಸ್ಕಿ ಅವರವೇ, ಎದುರಾಳಿಯ ಹನ್ನೆರಡೂ ಮರ್ಟೆನ್ಸ್ ಅವರವೇ.

ಪಂದ್ಯಕ್ಕೆ ಮುನ್ನ ಮಂಡೇಲಾ ಹಸಿರು ಅಂಗಿ, ಹಸಿರು ಟೋಪಿ ತೊಟ್ಟು ಮೈದಾನಕ್ಕೆ ಬಂದರು. ಬೆನ್ನ ಮೇಲೆ ಪೀನಾರ್ ಅವರ ಸಂಖ್ಯೆ 6. ಅರವತ್ತು ಸಾವಿರಕ್ಕೂ ಹೆಚ್ಚಿದ್ದ, ಬಹುಪಾಲು ಬಿಳಿಯರೇ ತುಂಬಿದ್ದ ಜನಸ್ತೋಮ ಕ್ಷಣ ಸ್ತಬ್ಧವಾಗಿ, ಬಳಿಕ ‘ನೆಲ್ಸನ್! ನೆಲ್ಸನ್!’ ಎಂದು ಕೂಗತೊಡಗಿತು. ಐದೇ ವರ್ಷ ಹಿಂದೆ ಇವರಲ್ಲಿ ಹಲವರ ಪಾಲಿಗೆ ಆ ಹೆಸರು ಭಯೋತ್ಪಾದಕನ ಹೆಸರಾಗಿತ್ತು.

ಒಂದು ಪಂದ್ಯದಿಂದ ದೇಶ ಒಂದಾಯಿತೆಂಬುದು ಉತ್ಪ್ರೇಕ್ಷೆಯಲ್ಲವೇ?

ಚಿತ್ರ ಹಾಗೆ ನಂಬಿಸುತ್ತದೆ ಎಂಬ ಟೀಕೆಯಲ್ಲಿ ಹುರುಳಿದೆ. ಕಪ್ಪು ಜನರ ಕೇರಿಗಳಲ್ಲಿ ಈ ನಿರ್ಧಾರಗಳ ಬಗ್ಗೆ ನಡೆದ ಬಿಸಿ ಚರ್ಚೆಯನ್ನು ಅದು ಮೇಲುಮೇಲೆ ಮುಟ್ಟಿ ಮುಂದೆ ಸಾಗುತ್ತದೆ. ಭೂಮಿ, ಕೆಲಸ, ಮನೆಗಳ ಪ್ರಶ್ನೆಗಳನ್ನು ಒಂದು ಡ್ರಾಪ್ ಗೋಲ್ ಬಗೆಹರಿಸಲಾರದು. ವಿಶ್ವ ಬ್ಯಾಂಕಿನ ಲೆಕ್ಕದಲ್ಲಿ ದಕ್ಷಿಣ ಆಫ್ರಿಕಾ ಇಂದಿಗೂ ಜಗತ್ತಿನ ಅತ್ಯಂತ ಅಸಮಾನ ದೇಶಗಳಲ್ಲಿ ಒಂದು. ಕೊಲೆ, ಚಿತ್ರಹಿಂಸೆಗಳ ಸತ್ಯವನ್ನು ಹೊರತರುವ ಕಷ್ಟದ ಕೆಲಸ ನಡೆದದ್ದು 1996ರಿಂದ, ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗದ ಮುಂದೆ. ಅಲ್ಲಿ ಯಾರೂ ಕಪ್ ಎತ್ತಲಿಲ್ಲ.

ಆದರೂ ಆ ದಿನ ವ್ಯರ್ಥವಾಯಿತೆನ್ನಲಾರೆ. ಅಂದು ಉಳಿದ ಅಂಗಿಯನ್ನೇ ತೊಟ್ಟು ಬಡ ಕೇರಿಯಲ್ಲಿ ಬೆಳೆದ ಸಿಯಾ ಕೊಲಿಸಿ 2018ರಲ್ಲಿ ತಂಡದ ಮೊದಲ ಕಪ್ಪು ಟೆಸ್ಟ್ ನಾಯಕರಾದರು; ಅವರ ನಾಯಕತ್ವದಲ್ಲಿ ತಂಡ 2019ರಲ್ಲಿ ಇಂಗ್ಲೆಂಡನ್ನೂ 2023ರಲ್ಲಿ ನ್ಯೂಜಿಲೆಂಡನ್ನೂ ಸೋಲಿಸಿ ವಿಶ್ವಕಪ್ ಗೆದ್ದಿತು. ಕೊಲಿಸಿ ಅವರ ಸಂಖ್ಯೆಯೂ 6. 1995ರಲ್ಲಿ ಕ್ರೀಡಾ ಮಂಡಳಿಯ ಸಿಟ್ಟೇ ಗೆದ್ದಿದ್ದರೆ ಆ ಅಂಗಿ ಬಿಳಿಯರ ಹಳೆಯ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು.

ಈ ಕಥೆಗೂ ಭಾರತಕ್ಕೂ, ಕನ್ನಡಿಗರಿಗೂ ನಂಟಿದೆಯೇ?

ರಗ್ಬಿಯ ಮೂಲಕ ಇಲ್ಲ, ಆಟದ ಬಹಿಷ್ಕಾರದ ಮೂಲಕ ಇದೆ. ದಕ್ಷಿಣ ಆಫ್ರಿಕಾದೊಂದಿಗಿನ ವ್ಯಾಪಾರವನ್ನು ಭಾರತ 1946ರಲ್ಲೇ ನಿಲ್ಲಿಸಿತ್ತು. 1974ರಲ್ಲಿ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿದ್ದ ನಮ್ಮ ತಂಡ, ಎದುರಾಳಿ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಆಡದೆ ಕಪ್ ಬಿಟ್ಟುಕೊಟ್ಟಿತು. ಬಹಿಷ್ಕಾರ ಮುಗಿದ ಮೇಲೆ ಅವರ ಕ್ರಿಕೆಟ್ ತಂಡ ಮೊದಲು ಆಡಿದ್ದು 1991ರ ನವೆಂಬರ್‌ನಲ್ಲಿ ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ. ಮರುವರ್ಷ ಭಾರತ ಅಲ್ಲಿಗೆ ಪ್ರವಾಸ ಹೋದಾಗ ನಮ್ಮ ಅನಿಲ್ ಕುಂಬ್ಳೆ ಮತ್ತು ಜಾವಗಲ್ ಶ್ರೀನಾಥ್ ತಂಡದಲ್ಲಿದ್ದರು. ಜೋಹಾನ್ಸ್‌ಬರ್ಗ್ ಟೆಸ್ಟ್‌ನ ಒಂದೇ ಇನಿಂಗ್ಸ್‌ನಲ್ಲಿ ಕುಂಬ್ಳೆ 53 ರನ್ನಿಗೆ 6 ವಿಕೆಟ್ ಪಡೆದದ್ದು ಹಳೆಯ ಕ್ರಿಕೆಟ್ ಪ್ರಿಯರಿಗೆ ನೆನಪಿರಬಹುದು.

ಮಕ್ಕಳಿಗೆ ತೋರಿಸಬಹುದೇ?

ಹೈಸ್ಕೂಲು ಮಕ್ಕಳಿಗೆ ಧಾರಾಳವಾಗಿ ತೋರಿಸಬಹುದು. ಕೆಲವೆಡೆ ಒರಟು ಮಾತುಗಳಿವೆ. ವರ್ಣಭೇದ ನೀತಿ ಏನೆಂದು ಮೊದಲೇ ಹತ್ತು ನಿಮಿಷ ಹೇಳಿಕೊಟ್ಟರೆ ಅವರು ಉಳಿದದ್ದನ್ನು ತಾವೇ ಹಿಡಿಯುತ್ತಾರೆ.

ತಪ್ಪದೆ ಗಮನಿಸಬೇಕಾದ ಒಂದು ದೃಶ್ಯ ಯಾವುದು?

ಫೈನಲ್ ನಡೆಯುತ್ತಿರುವಾಗ ಕ್ರೀಡಾಂಗಣದ ಹೊರಗೆ ಇಬ್ಬರು ಬಿಳಿಯ ಪೊಲೀಸರು ಕಾರಿನ ರೇಡಿಯೋದಲ್ಲಿ ವೀಕ್ಷಕ ವಿವರಣೆ ಕೇಳುತ್ತಿರುತ್ತಾರೆ. ಚೀಲ ಹೊತ್ತ ಒಬ್ಬ ಕಪ್ಪು ಹುಡುಗ ಅಲ್ಲೇ ಸುಳಿದಾಡುತ್ತಾನೆ. ಮೊದಲು ಅವರು ಅವನನ್ನು ಗದರಿಸಿ ಅಟ್ಟುತ್ತಾರೆ. ಒಳಗಿನ ಪಂದ್ಯಕ್ಕೆ ಹಿಂದಿರುಗಿದ ಕ್ಯಾಮೆರಾ ಪ್ರತಿ ಬಾರಿ ಹೊರಗೆ ಬಂದಾಗ ಹುಡುಗ ಕಾರಿಗೆ ಒಂದೆರಡು ಹೆಜ್ಜೆ ಹತ್ತಿರವಾಗಿರುತ್ತಾನೆ, ಪೊಲೀಸರು ಅವನನ್ನು ಗಮನಿಸದಂತೆ ಇರುವುದನ್ನು ಕಲಿಯುತ್ತಿರುತ್ತಾರೆ. ಯಾರೂ ಯಾರನ್ನೂ ಕರೆಯುವುದಿಲ್ಲ. ಪಂದ್ಯ ಮುಗಿದಾಗ ಮೂವರೂ ಒಂದೇ ರೇಡಿಯೋದ ಸುತ್ತ ಇದ್ದಾರೆ, ಮತ್ತು ಗೆಲುವಿನ ಕೂಗಿನಲ್ಲಿ ಪೊಲೀಸರು ಆ ಹುಡುಗನನ್ನು ಮೇಲಕ್ಕೆತ್ತಿಕೊಳ್ಳುತ್ತಾರೆ.